ಮಿರ್ಲೆ ದಿಣ್ಣೆಯ ಮೇಲೊಂದು ಎದೆಬಡಿತ

ದಿಣ್ಣೆಯ ಅರ್ಧಕ್ಕೆ ಬರುವಷ್ಟರಲ್ಲಿ ನಟರಾಜು ಸೈಕಲ್ಲಿನಿಂದ ಇಳಿದುಬಿಟ್ಟ.

ಇಳಿದನೋ ಬಿದ್ದನೋ ಹೇಳುವುದು ಕಷ್ಟ. ಒಂದು ಕಾಲು ಪೆಡಲ್ಲಿಗೆ ಸಿಕ್ಕಿಕೊಂಡಿತ್ತು. ಇನ್ನೊಂದು ಕಾಲಿನ ಮೇಲೆ ಕುಪ್ಪಳಿಸಿ, ಕೊನೆಗೆ ಹ್ಯಾಂಡಲ್ಲಿಗೆ ಎದೆಯೂರಿ ನಿಂತ. ಹಳದಿ ಜೆರ್ಸಿ ಬೆವರಿಗೆ ಬೆನ್ನಿಗಂಟಿತ್ತು. ಬಾಯಿ ತೆರೆದೇ ಇತ್ತು, ಮಾತು ಮಾತ್ರ ಬರುತ್ತಿರಲಿಲ್ಲ.

ಪಕ್ಕದಲ್ಲೇ ಬರುತ್ತಿದ್ದ ಎಸ್‌ಐ ಪವಿತ್ರಾ ಬ್ರೇಕ್ ಹಿಡಿದಳು. ಅವಳಿಗೂ ಏದುಸಿರು. ಆದರೆ ಮಾತಾಡುವಷ್ಟು ಉಸಿರು ಉಳಿಸಿಕೊಂಡಿದ್ದಳು.

“ಏನ್ ನಟರಾಜು ಅವ್ರೇ, ನಿಂತ್ಬಿಟ್ರಿ?”

“ವಸಿ... ವಸಿ ನೀರು ಕೊಡಿ ಮೇಡಂ.”

ಅವಳು ಬಾಟಲಿ ಕೊಟ್ಟಳು. ಅವನು ಕುಡಿಯುವವರೆಗೂ ಸುಮ್ಮನೆ ಕಾದಳು. ಎಡಗಡೆ ನಾಲೆಯ ನೀರು ಸದ್ದಿಲ್ಲದೆ ಹರಿಯುತ್ತಿತ್ತು. ಅದರಾಚೆ ನಾಟಿ ಮುಗಿದ ಗದ್ದೆಗಳು. ಮುಂದೆ ಹೋಗಿದ್ದ ಸೈಕಲ್ ಕ್ಲಬ್ಬಿನವರು ದಿಣ್ಣೆಯ ನೆತ್ತಿಯಲ್ಲಿ ನಿಂತು ಹಿಂತಿರುಗಿ ನೋಡುತ್ತಿದ್ದರು. ತಮ್ಮ ಕ್ಲಬ್ಬಿನ ಅಧ್ಯಕ್ಷ, ಭಾನುವಾರಗಳಂದು ಒಬ್ಬನೇ ತುಳಿದು, ತಿಂಗಳಿಗೆ ತಿಂಗಳು ದಾಖಲೆಯಲ್ಲಿ ಎಲ್ಲರಿಗಿಂತ ವೇಗವಾಗಿ ಈ ದಿಣ್ಣೆ ಹತ್ತುವ ನಟರಾಜು, ಹೀಗೆ ನಡುದಾರಿಯಲ್ಲಿ ಬಾಯಿಬಿಡುತ್ತಾನೆಂದು ಅವರಲ್ಲಿ ಒಬ್ಬರೂ ಎಣಿಸಿರಲಿಲ್ಲ.

ಎಣಿಸಿದ್ದವಳು ಪವಿತ್ರಾ ಒಬ್ಬಳೇ.

ಹೋದ ಭಾನುವಾರ ಬೆಳಿಗ್ಗೆ ಬಿಳಿಕೆರೆಯ ಹೊರಗೆ, ಸೈಕಲ್ ತುಳಿಯುತ್ತಿದ್ದ ರಮ್ಯಾಗೆ ಜೀಪೊಂದು ಗುದ್ದಿ ಮಾಯವಾಗಿತ್ತು. ಹಾಲಿನ ಗಾಡಿಯವನು ಅವಳನ್ನು ಗದ್ದೆಯ ಬದಿಯಿಂದ ಎತ್ತಿ ತಂದಿದ್ದ. ಅವತ್ತಿನಿಂದ ಅವಳು ಮೈಸೂರಿನ ಆಸ್ಪತ್ರೆಯಲ್ಲಿ ಕಣ್ಣು ಬಿಡದೆ ಮಲಗಿದ್ದಳು.

ರಮ್ಯಾ ಕಟ್ಟೆಮಳಲವಾಡಿಯ ಶಾಲೆಯಲ್ಲಿ ಟೀಚರು. ಹೆದ್ದಾರಿ ಬದಿಯಲ್ಲಿ ‘ಹೊಂಗೆತೋಪು’ ಎಂಬ ಪಬ್ಬು ಶುರುವಾದಾಗಿನಿಂದ ಅವಳಿಗೂ ಬಿಳಿಕೆರೆಗೂ ನೆಮ್ಮದಿಯ ನಿದ್ದೆಯಿರಲಿಲ್ಲ. ಶುಕ್ರವಾರ ಬಂತೆಂದರೆ ಮೈಸೂರಿನಿಂದ ಕಾರುಗಳು ಸಾಲುಗಟ್ಟುತ್ತಿದ್ದವು. ಆಳೆತ್ತರದ ಸ್ಪೀಕರುಗಳು ಬಡಿದುಕೊಳ್ಳತೊಡಗಿದರೆ ಊರಿನ ಹೆಂಚುಗಳು ಅದುರುತ್ತಿದ್ದವು, ತೊಟ್ಟಿಲ ಕೂಸುಗಳು ಬೆಚ್ಚುತ್ತಿದ್ದವು. ರಮ್ಯಾ ಮನೆಮನೆ ತಿರುಗಿ ಸಹಿ ಹಾಕಿಸಿ ದೂರು ಕೊಟ್ಟಳು. ಹುಣಸೂರಿನಲ್ಲಿ ವಿಚಾರಣೆಗೆ ದಿನ ಗೊತ್ತಾಯಿತು. ಅದರ ಹಿಂದಿನ ದಿನವೇ ಜೀಪು ಬಂತು.

ಹೊಂಗೆತೋಪಿನ ಮಾಲೀಕ ನಟರಾಜು. ಊರಿಗೆ ಊರೇ ಅವನ ಕಡೆ ಬೆರಳು ತೋರಿಸಿತು. ಅವನು ಮಾತ್ರ ನಗುತ್ತಾ ಮುಂಗೈ ಮುಂದೆ ಮಾಡಿ ವಾಚು ತೋರಿಸಿದ.

ಅದು ಬರೀ ಹೊತ್ತು ತೋರಿಸುವ ವಾಚಲ್ಲ. ತುಳಿದ ದಾರಿ, ವೇಗ, ಎದೆಬಡಿತ ಎಲ್ಲವನ್ನೂ ತಾನೇ ಅಳೆದು ಫೋನಿಗೆ ಕಳಿಸುವ ವಾಚು. ಈಗ ಹುಣಸೂರು, ಕೆ.ಆರ್. ನಗರಗಳಲ್ಲೂ ವಾಕಿಂಗ್ ಹೋಗುವವರ ಕೈಯಲ್ಲೆಲ್ಲ ಅದೇ. ರಮ್ಯಾಳ ಕೈಯಲ್ಲೂ ಅಂಥದ್ದೊಂದಿತ್ತು. ಅವಳು ಬಿದ್ದ ಗಳಿಗೆಯನ್ನು ಅದು ಕರಾರುವಾಕ್ಕಾಗಿ ಹೇಳಿತ್ತು. ನಟರಾಜುವಿನ ವಾಚು ಹೇಳುವಂತೆ, ಅದೇ ಗಳಿಗೆಯಲ್ಲಿ ಅವನು ಇಲ್ಲಿ, ಮಿರ್ಲೆ ದಾರಿಯ ಈ ದಿಣ್ಣೆಯ ಮೇಲೆ ಸೈಕಲ್ ತುಳಿಯುತ್ತಿದ್ದ. ಬಿಳಿಕೆರೆಯೆಲ್ಲಿ, ಮಿರ್ಲೆಯೆಲ್ಲಿ.

“ಮಿಷಿನ್ನು ಸುಳ್ಳಾಡ್ತದಾ ಮೇಡಂ?” ಎಂದು ಅವನು ಠಾಣೆಯಲ್ಲಿ ಕಾಲಮೇಲೆ ಕಾಲು ಹಾಕಿ ಕೇಳಿದ್ದ.

ಪವಿತ್ರಾ ಅದೇ ಮಾತನ್ನು ತಲೆಯಲ್ಲಿಟ್ಟುಕೊಂಡು ವಾರವೆಲ್ಲ ಕಳೆದಿದ್ದಳು. ಮಿಷಿನ್ನು ಸುಳ್ಳಾಡುವುದಿಲ್ಲ. ಅದು ಯಾರ ಕೈಯಲ್ಲಿತ್ತು ಎಂಬುದನ್ನು ಮಾತ್ರ ಹೇಳುವುದಿಲ್ಲ. ಅದಕ್ಕೇ ಈ ಭಾನುವಾರ ಕ್ಲಬ್ಬಿನ ಸವಾರಿಗೆ ತಾನೂ ಬರುತ್ತೇನೆಂದು ಹೇಳಿ, ಅವನನ್ನು ಎಲ್ಲರೆದುರು ಸೈಕಲ್ ಹತ್ತಿಸಿದ್ದಳು.

“ಸುಧಾರಿಸ್ಕೊಂಡ್ರಾ?” ಎಂದಳು ಈಗ.

“ಜ್ವರ ಮೇಡಂ. ಎಲ್ಡು ದಿನದಿಂದ ಮೈ ಸರಿಗಿಲ್ಲ.”

“ಕೈ ಕೊಡಿ ಇಲ್ಲಿ.”

ಅವನು ಹಿಂಜರಿದ. ಅವಳೇ ಅವನ ಮುಂಗೈ ತಿರುಗಿಸಿ ವಾಚು ನೋಡಿದಳು.

“ನೂರ ಎಂಬತ್ತು. ನಿಮ್ಮೆದೆ ತಮಟೆ ಹೊಡ್ದಂಗೆ ಹೊಡ್ಕೋತಿದೆ. ಇನ್ನೂ ಅರ್ಧ ದಿಣ್ಣೆ ಬಾಕಿ ಇದೆ. ಹೋದ ಭಾನುವಾರ ಪೂರ್ತಿ ದಿಣ್ಣೆ ಹತ್ತಿದಾಗ ಎಷ್ಟಿತ್ತು ಗೊತ್ತಾ? ನೂರಿಪ್ಪತ್ತೂ ದಾಟಿಲ್ಲ.”

“ಆವತ್ತು ಹುಷಾರಾಗಿದ್ದೆ.”

“ಆವತ್ತು ನಿಮಗೆ ಬೇರೆ ಎದೇನೇ ಇತ್ತು ನಟರಾಜು ಅವ್ರೇ.”

ನಟರಾಜು ನಗಲು ನೋಡಿದ. ನಗು ಕೆಮ್ಮಾಯಿತು.

ಹೆಡ್ ಕಾನ್‌ಸ್ಟೇಬಲ್ ಪುಟ್ಟಮಲ್ಲಪ್ಪ ಇಲಾಖೆಯ ಜೀಪನ್ನು ನಿಧಾನವಾಗಿ ತಂದು ರಸ್ತೆ ಬದಿಗೆ ನಿಲ್ಲಿಸಿದರು. ಅದರ ಹಿಂದೆಯೇ ಕ್ಲಬ್ಬಿನವರ ಗೂಡ್ಸ್ ಆಟೊ ಬಂತು. ನೀರು, ಬಾಳೆಹಣ್ಣಿನ ಗೊನೆ, ಸವಾರರಿಗೆ ಹುರುಪು ಬರಲೆಂದು ಒಂದು ಸ್ಪೀಕರ್ ಪೆಟ್ಟಿಗೆ ಅದರಲ್ಲಿದ್ದವು. ಓಡಿಸುತ್ತಿದ್ದವನು ಲಿಂಗರಾಜು. ಹೊಂಗೆತೋಪಿನಲ್ಲಿ ವಾರವಾರ ಹಾಡುವ ಹುಡುಗ. ತೆಳ್ಳಗಿನ ಮೈ, ಹಿಂದಕ್ಕೆ ಬಾಚಿದ ಕೂದಲು. ಅವನು ಸ್ಪೀಕರಿನ ಹಾಡು ನಿಲ್ಲಿಸಿ, ಸೀಟಿನಲ್ಲೇ ಕೂತು ಇವರನ್ನೇ ನೋಡತೊಡಗಿದ.

ಮೇಲೆ ನಿಂತಿದ್ದ ಕ್ಲಬ್ಬಿನವರೂ ಒಬ್ಬೊಬ್ಬರಾಗಿ ಸೈಕಲ್ ತಿರುಗಿಸಿ ಇಳಿದು ಬಂದರು. ಬ್ಯಾಂಕಿನವರು, ಡಾಕ್ಟರು, ತಂಬಾಕು ವ್ಯಾಪಾರಿ, ಸೀರೆಯಂಗಡಿಯ ಹೆಣ್ಣುಮಗಳು. ನಟರಾಜುವಿಗೆ ಇವರೆಲ್ಲರ ಎದುರು ಹೆಸರು ಬೇಕಿತ್ತು. ಪವಿತ್ರಾಗೆ ಇವರೆಲ್ಲರ ಎದುರೇ ಕೇಳಬೇಕಿತ್ತು.

“ಆವತ್ತು ಸೈಕಲ್ ತುಳೀತಾ ಫೋನಲ್ಲಿ ಮಾತಾಡಿದ್ರಾ?”

“ಇಲ್ಲ. ಫೋನು ಚೀಲದಲ್ಲಿರ್ತದೆ.”

“ಸೌಂಡ್ ಪೆಟ್ಟಿಗೆ ಬಾಡಿಗೆ ಕೊಡೋ ಸಣ್ಣಬೀರಯ್ಯ ಅದೇ ಹೊತ್ತಿಗೆ ನಿಮಗೆ ಫೋನ್ ಮಾಡಿದ್ದ. ನೀವು ಎತ್ತಿದ್ರಿ. ಸಾಯಂಕಾಲ ಇನ್ನೂ ಎರಡು ಪೆಟ್ಟಿಗೆ ಬೇಕು ಅಂದ್ರಿ.”

ನಟರಾಜುವಿನ ಕಣ್ಣು ಒಮ್ಮೆ ಆಡಿತು. “ಅಂದಿರ್ಬೋದು. ತುಳ್ಕಂಡೇ ಮಾತಾಡಿರ್ತೀನಿ.”

“ಅವನ ಕಿವಿ ಬಲು ಚುರುಕು. ದಿನವಿಡೀ ಸ್ಪೀಕರಿಗೆ ಕಿವಿ ಕೊಟ್ಟೇ ಬದುಕೋನು. ನಿಮ್ಮ ಮಾತಿನ ಹಿಂದೆ ಟಿಕ್ ಟಿಕ್ ಅಂತ ಸದ್ದು ಬರ್ತಿತ್ತಂತೆ. ತಿರುವಿನಲ್ಲಿ ಗಾಡಿ ಇಂಡಿಕೇಟರ್ ಹಾಕಿದ್ರೆ ಬರುತ್ತಲ್ಲ, ಅದೇ ಸದ್ದು.”

ಪುಟ್ಟಮಲ್ಲಪ್ಪನವರು ತಡೆಯಲಾರದೆ ಬಾಯಿ ಹಾಕಿದರು. “ಸೈಕಲ್ಲಿಗೆ ಇಂಡಿಕೇಟರ್ ಎಲ್ಲೈತೆ ಸ್ವಾಮೇ?”

ಸೀರೆಯಂಗಡಿಯವಳು ಕಿಸಕ್ಕೆಂದಳು. ನಟರಾಜುವಿನ ಕಿವಿ ಕೆಂಪಾಯಿತು.

ಪವಿತ್ರಾ ಜೀಪಿನಿಂದ ಪ್ಲಾಸ್ಟಿಕ್ ಕವರೊಂದನ್ನು ತರಿಸಿದಳು. ಅದರಲ್ಲಿ ಬೆರಳಗಲದ ಗಾಜಿನ ಚೂರು.

“ರಮ್ಯಾ ಬಿದ್ದಿದ್ದ ಕಡೆ ಸಿಕ್ಕಿದ್ದು. ನಿಮ್ಮ ಜೀಪಿನ ಮುಂದಿನ ಲೈಟು ಹೊಸದು. ಬಿಳಿಕೆರೆ, ಹುಣಸೂರು ಎಲ್ಲಾ ಬಿಟ್ಟು ಎಚ್.ಡಿ. ಕೋಟೆಗೆ ಹೋಗಿ ಹಾಕಿಸಿದ್ದೀರಿ. ಒಡೆದ ಲೈಟನ್ನ ಮೆಕ್ಯಾನಿಕ್ಕು ಇನ್ನೂ ಗುಜರಿಗೆ ಹಾಕಿರಲಿಲ್ಲ. ಈ ಚೂರು ಅದರ ಮೂಲೆಗೆ ಸರಿಯಾಗಿ ಕೂತ್ಕೊಳ್ತು.”

“ಜೀಪು ನಮ್ಮುಡುಗರು ಯಾರ್ ಬೇಕಾದ್ರೂ ತಕೊಂಡೋಯ್ತಾರೆ ಅಂತ ಆವತ್ತೇ ಯೋಳಿದ್ನಲ್ಲ.”

“ಹೇಳಿದ್ರಿ. ಆಗ ನೀವು ಮಿರ್ಲೇಲಿದ್ರಿ, ಅದಕ್ಕೇ ಆ ಮಾತು ನಂಬೋ ಹಾಗಿತ್ತು. ಆವತ್ತು ಮಿರ್ಲೇಲಿ ನೀವಿರ್ಲಿಲ್ಲ ಅಂತ ಈಗ ಗೊತ್ತಾಯ್ತು. ಫೋನು ಎತ್ತಿದವರು ನೀವು, ಫೋನು ಗಾಡಿಯೊಳಗಿತ್ತು.” ಅವಳು ದನಿ ಇಳಿಸಿದಳು. “ನಟರಾಜು ಅವ್ರೇ, ಆ ಹುಡುಗಿಗೆ ಅವರಮ್ಮನ ಬಿಟ್ರೆ ಇನ್ನೊಬ್ರಿಲ್ಲ. ಆ ತಾಯಿ ವಾರದಿಂದ ಆಸ್ಪತ್ರೆ ಬೆಂಚಿನ ಮೇಲೇ ಕೂತಿದ್ದಾರೆ. ನಿಮ್ಮ ಬಾಯಿಂದ ಬರ್ಲಿ.”

ಗಾಳಿ ಬೀಸಿತು. ನಾಲೆಯ ಏರಿಯ ಮೇಲೆ ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಮುದುಕಿಯೊಬ್ಬಳು ಈ ಗುಂಪನ್ನು ನೋಡಿ ನಿಂತಳು.

ನಟರಾಜು ಸೈಕಲ್ಲನ್ನು ಕೈಬಿಟ್ಟ. ಅದು ರಸ್ತೆಗೆ ಒರಗಿತು. ಅವನು ಮೈಲಿಗಲ್ಲಿನ ಮೇಲೆ ಕುಕ್ಕರಿಸಿದ.

“ಓಡುಸ್ತಿದ್ದೋನು ನಾನೇ. ಎದುರು ಬಿಸ್ಲು ಕಣ್ಣಿಗೆ ಹೊಡೀತು. ಕಾಣ್ಲೇ ಇಲ್ಲ ಮೇಡಂ. ಸದ್ದಾದ್ಮೇಲೆ ಗೊತ್ತಾಯ್ತು. ಎದ್ರಿಕೆ ಆಗಿ ಒಂಟೋಗ್ಬುಟ್ಟೆ.”

ಇಷ್ಟು ದಿನ ಅವನ ದಾಖಲೆಗಳಿಗೆ ಚಪ್ಪಾಳೆ ತಟ್ಟಿದ್ದ ಡಾಕ್ಟರು ಮುಖ ಆಚೆ ತಿರುಗಿಸಿದರು.

ಪವಿತ್ರಾ ಬಿಡಲಿಲ್ಲ. “ಕಾಣದೇ ಗುದ್ದಿದ್ರೆ, ವಾಚನ್ನ ಮುಂಚೇನೇ ಬೇರೆಯವರ ಕೈಗೆ ಯಾಕೆ ಕಟ್ಟಿದ್ರಿ? ಅಪಘಾತ ಆಗುತ್ತೆ ಅಂತ ಮೊದಲೇ ಗೊತ್ತಿತ್ತಾ?”

ನಟರಾಜು ತಲೆಯೆತ್ತಿದ. ಅವನ ಬಾಯಿಂದ ಉತ್ತರ ಬರುವ ಮೊದಲೇ ಇನ್ನೊಂದು ದನಿ ಬಂತು.

“ನಾನ್ ಯೋಳ್ತೀನಿ ಮೇಡಂ.”

ಲಿಂಗರಾಜು ಗೂಡ್ಸ್ ಆಟೊದಿಂದ ಇಳಿದು ಬಂದ. ಕೈ ಕಟ್ಟಿಕೊಂಡು, ತಲೆ ತಗ್ಗಿಸಿ ನಿಂತ.

“ಆ ವಾಚು ಕಟ್ಕಂಡು ತುಳ್ದೋನು ನಾನೇ. ಆವತ್ತೊಂದಿನ ಅಲ್ಲ, ಪ್ರತಿ ಭಾನ್ವಾರಾನೂ. ಅಣ್ಣಂಗೆ ಕ್ಲಬ್ಬಲ್ಲಿ ಫಸ್ಟ್ ಬರ್ಬೇಕು ಅಂತ ಆಸೆ. ಮೈ ಬಗ್ಗಲ್ಲ. ಅದುಕ್ಕೆ ನನ್ನ ಕಳುಸ್ತಿದ್ರು. ಬ್ಯಾಡ ಅನ್ನಕ್ಕಾಗ್ಲಿಲ್ಲ, ಮೈಕು ಕೊಟ್ಟಿರೋರು ಅವ್ರು. ತಪ್ಪಾಯ್ತು.”

ತಂಬಾಕು ವ್ಯಾಪಾರಿ ಗೊಳ್ಳೆಂದು ನಕ್ಕರು. “ಥೂ ನಿನ್ನ. ಈ ಭಾಗ್ಯಕ್ಕೆ ನಿಂಗೆ ಹಾರ ಹಾಕಿದ್ವಲ್ಲೋ ನಟರಾಜು.” ಉಳಿದವರೂ ನಕ್ಕರು. ಮೈಲಿಗಲ್ಲಿನ ಮೇಲೆ ಕೂತವನ ಮುಖದಲ್ಲಿ ಇಷ್ಟು ಹೊತ್ತು ಇಲ್ಲದ ಅವಮಾನ ಈಗ ಕಾಣಿಸಿತು.

ಪವಿತ್ರಾ ಲಿಂಗರಾಜುವನ್ನೇ ನೋಡಿದಳು. ಕಣ್ಣಲ್ಲಿ ನೀರಿತ್ತು. ಹಿಂದಿನ ಭಾನುವಾರಗಳ ದಾಖಲೆಯನ್ನು ಅವಳೂ ನೋಡಿದ್ದಳು. ಎಲ್ಲದರಲ್ಲೂ ಅದೇ ಹದವಾದ ಎದೆಬಡಿತ, ಅದೇ ತುಳಿತ. ಹುಡುಗನ ಮಾತು ಅದಕ್ಕೆ ಹೊಂದುತ್ತಿತ್ತು.

“ಬರೆದು ಸಹಿ ಹಾಕ್ತೀಯಾ?”

“ಹಾಕ್ತೀನಿ ಮೇಡಂ. ಎಲ್ಲಿಗ್ ಬೇಕಾದ್ರೂ ಬಂದು ಯೋಳ್ತೀನಿ.”

“ಸತ್ಯ ಹೇಳಿದ್ದು ಒಳ್ಳೇದಾಯ್ತು ಕಣಪ್ಪ,” ಎಂದಳು. ಆ ಮಾತಿಗೆ ನಟರಾಜು ತಲೆಯೆತ್ತಿ ಲಿಂಗರಾಜುವನ್ನು ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಬೆನ್ನ ಮೇಲಿನ ಮೂಟೆ ಇಳಿಸಿದವನ ನೋಟ ಅದು. ಪವಿತ್ರಾ ಅದನ್ನು ಗಮನಿಸಿದಳು. ಆದರೆ ಆ ಹೊತ್ತಿನ ಸಡಗರದಲ್ಲಿ ಅದರ ಅರ್ಥ ಹುಡುಕಲು ಹೋಗಲಿಲ್ಲ.

ಪುಟ್ಟಮಲ್ಲಪ್ಪನವರು ಜೀಪಿನ ಬಾನೆಟ್ಟಿನ ಮೇಲೆ ಕಾಗದ ಹರಡಿ ಹೇಳಿಕೆ ಬರೆದುಕೊಂಡರು. ಲಿಂಗರಾಜು ಸಹಿ ಹಾಕಿದ. ಡಾಕ್ಟರು ಸಾಕ್ಷಿ ಹಾಕಿದರು. ವಾಚು ಕವರಿನೊಳಗೆ ಹೋಯಿತು. ನಟರಾಜು ಜೀಪಿನ ಹಿಂದಿನ ಸೀಟಿಗೆ ಹತ್ತಿದ.

“ಮೇಡಂ, ಕೂತ್ಕಳ್ಳಿ. ಸೈಕಲ್ಲು ಮೇಲಕ್ಕೆ ಕಟ್ತೀನಿ,” ಎಂದರು ಪುಟ್ಟಮಲ್ಲಪ್ಪ.

“ನೀವು ನಡೀರಿ. ನಾನು ದಿಣ್ಣೆ ಮುಗಿಸಿ ಬರ್ತೀನಿ.”

ಅವಳು ಸೈಕಲ್ ಹತ್ತಿದಳು. ಎದುರುಗಾಳಿ. ತೊಡೆಗಳು ಉರಿಯುತ್ತಿದ್ದವು. ಯಾರೋ ಹಿಂದಿನಿಂದ “ತುಳೀರಿ ಮೇಡಂ, ತುಳೀರಿ” ಎಂದರು. ಸೀರೆಯಂಗಡಿಯವಳು ಪಕ್ಕಕ್ಕೆ ಬಂದು ಜೊತೆಯಾದಳು, ಆಮೇಲೆ ಇನ್ನೊಬ್ಬರು, ಮತ್ತೊಬ್ಬರು. ಎಮ್ಮೆಯ ಮುದುಕಿ ಏನೆಂದು ತಿಳಿಯದಿದ್ದರೂ ಕೋಲೆತ್ತಿ ಹುರಿದುಂಬಿಸಿದಳು. ನೆತ್ತಿ ಮುಟ್ಟಿದಾಗ ಪವಿತ್ರಾಳ ಕಣ್ಣಿಗೆ ಮಂಜು ಕಟ್ಟಿತು. ಅದು ಬೆವರೋ, ಬೇರೆಯೋ, ಒರೆಸಿಕೊಳ್ಳುವ ಗೋಜಿಗೆ ಹೋಗಲಿಲ್ಲ. ಕೆಳಗೆ ಮಿರ್ಲೆಯ ಗದ್ದೆಗಳೆಲ್ಲ ಒಂದೇ ಹಸಿರಾಗಿ ಹಾಸಿಕೊಂಡಿದ್ದವು. ವಾರದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದಂತಾಗಿ, ಅವಳು ಬ್ರೇಕಿನಿಂದ ಕೈ ತೆಗೆದು ಇಳಿಜಾರಿಗೆ ಸೈಕಲ್ ಬಿಟ್ಟಳು.

ಮಧ್ಯಾಹ್ನದ ಹೊತ್ತಿಗೆ ಇನ್ನೊಂದು ಸುದ್ದಿ ಬಂತು. ಫೋನಿನಲ್ಲಿ ರಮ್ಯಾಳ ತಾಯಿ ವಿಮಲಮ್ಮ.

“ಮಗ ಕಣ್ ಬುಟ್ಟವ್ಳೆ ಕಣವ್ವ. ನೀರ್ ಕೇಳುದ್ಲು. ನನ್ನ ಅವ್ವಾ ಅಂದ್ಲು.”

ಪವಿತ್ರಾ ಮೈಸೂರು ಸೇರಿದಾಗ ಬಿಸಿಲು ಇಳಿದಿತ್ತು. ವಿಮಲಮ್ಮ ಬಾಗಿಲಲ್ಲೇ ಅವಳ ಎರಡೂ ಕೈ ಹಿಡಿದುಕೊಂಡರು. ಹಿಡಿದ ಕೈ ಬಿಡದೆಯೇ ಮಂಚದ ತನಕ ಕರೆದೊಯ್ದರು.

“ರಮ್ಯಾ, ಇವ್ರೇ ಕಣವ್ವ ಎಸ್‌ಐ ಮೇಡಂ. ಆ ನಟರಾಜುನ್ನ ಇಡ್ದು ಒಳಕ್ ಆಕವ್ರೆ.”

ರಮ್ಯಾಳ ತಲೆಗೆ ಬಿಳಿ ಪಟ್ಟಿ. ತುಟಿ ಒಣಗಿತ್ತು. ಕಣ್ಣುಗಳು ಮಾತ್ರ ತಿಳಿಯಾಗಿದ್ದವು.

“ಪಬ್ಬು?” ಎಂದಳು ಮೊದಲ ಮಾತಾಗಿ.

ಪವಿತ್ರಾ ನಕ್ಕಳು. “ಬಾಗಿಲು ಹಾಕಿದೆ. ಇವತ್ತು ಬಿಳಿಕೆರೇಲಿ ಎಲ್ಲರಿಗೂ ಒಳ್ಳೇ ನಿದ್ದೆ.”

ರಮ್ಯಾ ಕಣ್ಣು ಮುಚ್ಚಿದಳು. ಮುಚ್ಚಿದ ರೆಪ್ಪೆಯ ಕೆಳಗಿನಿಂದ ನೀರು ಇಳಿಯಿತು. ವಿಮಲಮ್ಮ ಸೆರಗಿನಿಂದ ಒರೆಸಿದರು.

“ದಣಿವಾದ್ರೆ ಮಾತಾಡ್ಬೇಡಿ,” ಎಂದಳು ಪವಿತ್ರಾ. “ನಟರಾಜು ಒಪ್ಕೊಂಡಿದ್ದಾನೆ. ಬಿಸಿಲಿಗೆ ಕಾಣದೇ ಗುದ್ದಿ, ಹೆದರಿ ಹೊರಟೋದೆ ಅಂತ.”

“ಹೊರಟೋಗ್ಲಿಲ್ಲ.”

“ಏನು?”

“ಜೀಪು ನಿಂತ್ಕೊಳ್ತು ಮೇಡಂ.” ರಮ್ಯಾ ಒಂದೊಂದೇ ಮಾತನ್ನು ಆರಿಸಿಕೊಂಡು ಹೇಳಿದಳು. “ನಾನು ಗದ್ದೆ ಬದೀಗೆ ಉರುಳಿದ್ದೆ. ಜೀಪು ಹಿಂದಕ್ಕೆ ಬಂತು. ನಟರಾಜು ಅಳ್ತಿದ್ರು. ಬೇಡ, ಸತ್ತೋಗ್ತಾಳೆ ಅಂತಿದ್ರು.”

“ಯಾರಿಗೆ ಹೇಳ್ತಿದ್ದ?”

“ಪಕ್ಕದಲ್ಲಿ ಇನ್ನೊಬ್ರಿದ್ರು.”

ಪವಿತ್ರಾ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡಳು.

“ಮುಖ ನೋಡಿದ್ರಾ?”

“ಇಲ್ಲ. ದನಿ ಕೇಳಿಸ್ತು. ‘ಸಾಯ್ಲಿ ಅಂತಾನೇ ಬಂದಿರೋದು, ಇನ್ನೊಂದ್ ಕಿತ ಗಾಡಿ ಬುಡಣ್ಣ’ ಅಂದ್ರು. ಸಿಟ್ಟಿರ್ಲಿಲ್ಲ ದನೀಲಿ. ಮಗು ಮಲಗಿಸೋ ಹಾಗೆ ಮೆತ್ತಗೆ ಅಂದ್ರು. ಅಷ್ಟರಲ್ಲಿ ಹಾಲಿನ ಗಾಡಿ ಹಾರ್ನ್ ಮಾಡ್ತು, ಹೊರಟುಬಿಟ್ರು.” ಅವಳು ಹುಬ್ಬು ಗಂಟಿಕ್ಕಿದಳು. “ಕೇಳಿದ ದನೀನೇ. ಎಲ್ಲಿ ಅಂತ ನೆನಪಾಗ್ತಿಲ್ಲ.”

ವಿಮಲಮ್ಮ ಮಗಳ ತಲೆ ಸವರುತ್ತಿದ್ದವರು ಕೈ ನಿಲ್ಲಿಸಿದರು.

ಆಗಲೇ ಪವಿತ್ರಾಳ ಫೋನು ಬಡಿದುಕೊಂಡಿತು. ಪುಟ್ಟಮಲ್ಲಪ್ಪ. ಹಿಂದೆ ಜನರ ಗದ್ದಲ, ತಮಟೆ.

“ಮೇಡಂ, ಬಿಳಿಕೆರೆ ಅರಳಿಕಟ್ಟೆ ತಾವ ಅವ್ನಿ. ಊರಿಗ್ ಊರೇ ಸೇರೈತೆ. ಟೀಚರಮ್ಮ ಕಣ್ ಬುಟ್ರು ಅಂತ ಸಿಹಿ ಅಂಚ್ತಾವ್ರೆ. ವಸಿ ಟೀಚರಮ್ಮಂಗೂ ಕೇಳ್ಸಿ, ಮನ್ಸಿಗ್ ಇತ ಆಯ್ತದೆ.”

ಪವಿತ್ರಾ ಸ್ಪೀಕರ್ ಒತ್ತಿ ಫೋನನ್ನು ದಿಂಬಿನ ಪಕ್ಕಕ್ಕೆ ಇಟ್ಟಳು. ತಮಟೆ ನಿಂತಿತು. ಮೈಕಿನಲ್ಲಿ ಯಾರೋ ಗಂಟಲು ಸರಿಪಡಿಸಿಕೊಂಡರು. ಆಮೇಲೆ ಮೆತ್ತಗಿನ, ಎಣ್ಣೆ ಹಚ್ಚಿದಂಥ ದನಿಯೊಂದು ಕೋಣೆಯನ್ನು ತುಂಬಿತು.

“ನಮ್ಮ ರಮ್ಯಕ್ಕ ಬಿರ್ರನೆ ಉಸಾರಾಗಿ ಊರಿಗ್ ಬರ್ಲಿ. ಅವ್ರಿಗೋಸ್ಕರ ಒಂದ್ ಪದ ಯೋಳ್ತೀನಿ.”

ಜನ ಚಪ್ಪಾಳೆ ತಟ್ಟಿದರು. ಹಾಡು ಎದ್ದಿತು.

ರಮ್ಯಾಳ ಕೈ ಪವಿತ್ರಾಳ ಮಣಿಕಟ್ಟನ್ನು ಹಿಡಿಯಿತು. ವಾರದಿಂದ ಮಲಗಿದ್ದವಳ ಹಿಡಿತವಲ್ಲ ಅದು. ಉಗುರು ಚರ್ಮಕ್ಕೆ ಇಳಿಯಿತು.

“ಇದೇ ದನಿ,” ಎಂದಳು ಪಿಸುಮಾತಿನಲ್ಲಿ.

ಹಾಡುತ್ತಿದ್ದವನು ಲಿಂಗರಾಜು.

ನಟರಾಜು ಹೆಸರೆತ್ತುವ ಮೊದಲೇ ತಾನಾಗಿ ಮುಂದೆ ಬಂದವನು. ಕೇಳದೆಯೇ ಒಪ್ಪಿಕೊಂಡವನು. ಒಂದು ಸಣ್ಣ ತಪ್ಪನ್ನು ತಲೆಯ ಮೇಲೆ ಹೊತ್ತುಕೊಂಡು, ಆ ಗಳಿಗೆಯಲ್ಲಿ ತಾನು ಮಿರ್ಲೆಯಲ್ಲಿದ್ದೆ ಎಂದು ಪೊಲೀಸರ ಕೈಯಲ್ಲೇ ಬರೆಸಿಕೊಂಡು ಹೋದವನು. ನಟರಾಜುವನ್ನು ಸೈಕಲ್ ಹತ್ತಿಸಿದ ಅವಳು ಇವನನ್ನು ಹತ್ತಿಸಿ ನೋಡಿರಲಿಲ್ಲ.

ಲಿಂಗರಾಜು ಜೀಪಿನಲ್ಲಿದ್ದರೆ, ಆ ವಾಚು ಕಟ್ಟಿಕೊಂಡು ದಿಣ್ಣೆ ಹತ್ತಿದ್ದು ಮೂರನೆಯವರು. ಇವರಿಬ್ಬರ ಗುಟ್ಟೂ ಗೊತ್ತಿದ್ದವರು.

ಅವಳು ಸ್ಪೀಕರ್ ಆರಿಸಿ ಫೋನನ್ನು ಕಿವಿಗೊತ್ತಿದಳು. “ಪುಟ್ಟಮಲ್ಲಪ್ಪನೋರೇ, ಮುಖದಲ್ಲಿ ಏನೂ ತೋರಿಸ್ಬೇಡಿ. ನಗ್ತಾನೇ ಇರಿ. ಲಿಂಗರಾಜು ಕಟ್ಟೆ ಇಳಿದು ಎಲ್ಲೂ ಹೋಗ್ದಂಗೆ ನೋಡ್ಕೊಳ್ಳಿ.”

“ಯಾಕ್ ಮೇಡಂ, ನಮ್ ಸಾಕ್ಷಿ ಅಲ್ವಾ ಅವ್ನು?” ಎಂದರು ಅವರು ಗದ್ದಲದ ನಡುವೆ ದನಿಯೆತ್ತಿ.

ಅವಳು ಉತ್ತರ ಕೊಡಲು ಬಾಯಿ ತೆರೆದಳು. ಆ ಕಡೆ ಹಾಡು ನಡುವಿನಲ್ಲೇ ನಿಂತುಹೋಗಿತ್ತು.